ಒದ್ದೆ ಹಾಳೆಗಳ ಸೋಮವಾರ

ಒದ್ದೆಯಾದ ಕಾಗದ ಒಂದೆರಡು ದಿನ ತಡೆಯುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಆ ಒಂದೆರಡು ದಿನ ಮುಗಿಯುತ್ತ ಬಂದಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನನ್ನ ಗಂಡ ಆಸ್ಪತ್ರೆಯಿಂದ ಫೋನ್ ಮಾಡಿದ್ದರು. ಅವರ ವಾರ್ಡಿನಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದ್ದ ವೃದ್ಧರೊಬ್ಬರು ಜಲವರ್ಣದಲ್ಲಿ ಭೂದೃಶ್ಯ ಬರೆಯುವ ಕಲಾವಿದರು. ಅವರ ಹೆಂಡತಿ ಹಗಲೆಲ್ಲ ಆಸ್ಪತ್ರೆಯಲ್ಲಿ ಕಳೆದು ರಾತ್ರಿ ತಂಗಿಯ ಮನೆಯಲ್ಲಿ ಮಲಗುತ್ತಿದ್ದರು. ಪಿನ್ನರ್‌ನ ಅವರ ಮನೆ ಹೀಗೆ ಖಾಲಿ ಬಿದ್ದಿದ್ದಾಗ ಅಟ್ಟದ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆದಿತ್ತು. ಬಟ್ಟೆ ತರಲೆಂದು ಹೋದ ಆಕೆ ನೋಡಿದರೆ, ಚಿತ್ರಗಳಿದ್ದ ಕೋಣೆಯ ಚಾವಣಿ ಕಳಚಿ ನೆಲಕ್ಕೆ ಬಿದ್ದಿದೆ.

“ನಿಂದೇ ಕೆಲಸ ಅಲ್ಲೇನು ಇದು? ಲಗೂ ಹೋಗಿ ನೋಡು,” ಎಂದರು ನನ್ನ ಗಂಡ. ಧಾರವಾಡ ಬಿಟ್ಟು ಈ ಪರದೇಶಕ್ಕೆ ಬಂದು ಅಷ್ಟು ವರ್ಷವಾದರೂ ಅವಸರದಲ್ಲಿ ಅವರಿಗೆ ಬೇರೆ ಮಾತು ಬರುವುದಿಲ್ಲ.

ಹಳೆಯ ಚಿತ್ರ, ನಕ್ಷೆ, ಪತ್ರಗಳ ಕಲೆ ತೆಗೆಯುವುದು, ಹರಿದದ್ದನ್ನು ಕೂಡಿಸುವುದು ನನ್ನ ಕಸುಬು. ನಾವಿರುವ ಕೆಂಟನ್‌ನಲ್ಲಿ ನನ್ನನ್ನು ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಾರೆ. ಡಾಕ್ಟರರ ಹೆಂಡತಿ ಎಂಬ ಅರ್ಥದಲ್ಲಿ ಅಷ್ಟೇ. ನನ್ನ ಕೈಗುಣ ಏನಿದ್ದರೂ ಕಾಗದದ ಮೇಲೆ.

ಪಿನ್ನರ್‌ಗೆ ಹೋದೆ. ನಕ್ಷೆ ಇಡುವಂಥ ಅಗಲ ಖಾನೆಗಳ ಮರದ ಕಪಾಟು. ನೀರು ಕುಡಿದು ಉಬ್ಬಿ ಒಂದು ಖಾನೆಯೂ ಜಗ್ಗುತ್ತಿರಲಿಲ್ಲ. ಕಲಾವಿದರ ಹೆಂಡತಿ ಓವರ್‌ಕೋಟು ಹಾಕಿಕೊಂಡು, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ತೊಟ್ಟು, ಗಾರೆಯ ಚೂರುಗಳ ನಡುವೆ ನಿಂತಿದ್ದರು. ಇಬ್ಬರೂ ಸೇರಿ ಕಪಾಟಿನ ಬೆನ್ನ ಹಲಗೆ ಕಿತ್ತು, ಖಾನೆಗಳನ್ನು ಹಿಂದಿನಿಂದ ನೂಕಿದೆವು. ಬಿಸಿ ಚಪಾತಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಬೆವೆತು ಅಂಟುವ ಹಾಗೆ ಹಾಳೆಗಳು ಅಂಟಿಕೊಂಡಿದ್ದವು. ಅಂಚುಗಳಿಂದ ತಿಳಿ ನೀಲಿ ನೀರು ತೊಟ್ಟಿಕ್ಕುತ್ತಿತ್ತು. ಅದು ಬರೀ ನೀರಲ್ಲ, ಯಾವುದೋ ಆಕಾಶ ಎಂದು ನನಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು.

ಈ ಮನುಷ್ಯ ಬದುಕಿಡೀ ಬರೆದದ್ದು ಒಂದೇ ಜಾಗ. ಪಿನ್ನರ್‌ನಿಂದ ಟ್ಯೂಬ್ ರೈಲು ಹತ್ತಿ ಊರಿನ ಈ ತುದಿಯಿಂದ ಆ ತುದಿಗೆ, ಸ್ಟ್ರಾಟ್‌ಫರ್ಡ್ ಕಡೆಗೆ, ಮಡಚುವ ಸ್ಟೂಲು ಹಿಡಿದು ಹೋಗುತ್ತಿದ್ದರಂತೆ. ಆಗ ಅಲ್ಲಿ ಇದ್ದದ್ದು ರೈಲ್ವೆ ಯಾರ್ಡು, ಕೊಳಕು ಕಾಲುವೆ, ಜವುಗು ನೆಲ, ತುಕ್ಕು ಹಿಡಿದ ಗ್ಯಾಸ್ ಟ್ಯಾಂಕುಗಳು. ಜೊತೆಯ ಕಲಾವಿದರೆಲ್ಲ ಬೆಟ್ಟ, ಸರೋವರ ಬರೆದು ಮಾರಿಕೊಂಡರೆ ಇವರು ಸಂಜೆ ತರಗತಿಗಳಲ್ಲಿ ಪಾಠ ಹೇಳಿ ಜೀವನ ನಡೆಸಿದರು. ಚೆಲುವಾದದ್ದನ್ನು ಬರೆಯಲು ಬೇಕಾದಷ್ಟು ಜನರಿದ್ದಾರೆ ಎನ್ನುವುದು ಅವರ ವಾದವಾಗಿತ್ತಂತೆ. ಹಾಗಾಗಿ ಬರೆದದ್ದರಲ್ಲಿ ಬಹುಪಾಲು ಮನೆಯಲ್ಲೇ, ಆ ಕಪಾಟಿನಲ್ಲೇ ಇತ್ತು.

ಕೆಲವು ಉಳಿಯಲಿಕ್ಕಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ನೀರಿನಲ್ಲಿ ಕಲಸಿದ ಬಣ್ಣ ನೀರಿನಲ್ಲೇ ನೆನೆದಿದೆ, ನಾನು ದೇವರಲ್ಲ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ.

“ಅವರ ಬಲಗೈ ಹೋಯಿತು. ಇನ್ನು ಹೊಸದೊಂದು ಬರುವುದಿಲ್ಲ,” ಎಂದರು. “ಇವು ಹೇಗಿದ್ದವೋ ಹಾಗೆಯೇ ನನಗೆ ಬೇಕು.”

ಆಗಲಿ ಎಂದೆ. ನನ್ನ ಕಸುಬಿನ ನಿಯಮವೂ ಅದೇ. ಕೆಟ್ಟದ್ದನ್ನು ತೆಗೆಯಬಹುದು, ಹೊಸದಾಗಿ ಏನನ್ನೂ ಸೇರಿಸಕೂಡದು. ಬರೆದವರ ಕೈ ಎಲ್ಲಿ ನಿಂತಿತೋ ಅಲ್ಲಿಗೆ ಚಿತ್ರ ಮುಗಿಯಿತು.

ಬೂಷ್ಟು ತಡೆಯಲು ಒಂದೇ ದಾರಿ, ಹಾಳೆಗಳನ್ನು ಹೆಪ್ಪುಗಟ್ಟಿಸಿಡುವುದು. ಹೆಪ್ಪುಗಟ್ಟಿದ ಮೇಲೆ ಬಣ್ಣವೂ ಹರಿಯದು, ಬೂಷ್ಟೂ ಬೆಳೆಯದು. ಬೇಕಾದಾಗ ಒಂದೊಂದು ಕಟ್ಟು ಹೊರತೆಗೆದು ನಿಧಾನವಾಗಿ ಒಣಗಿಸಬಹುದು. ನಮ್ಮ ಸ್ಟುಡಿಯೋದ ಫ್ರೀಜರ್ ನಾಲ್ಕು ಐಸ್‌ಕ್ರೀಮ್ ಡಬ್ಬಿ ಹಿಡಿಸುವಷ್ಟರದು. ಈ ಕೆಲಸಕ್ಕೇ ಇರುವ ಕಂಪನಿಗಳಿಗೆ ಫೋನ್ ಮಾಡಿದರೆ, ಆ ಚಳಿಗೆ ಊರ ತುಂಬ ಪೈಪು ಒಡೆದು ಅಲ್ಲೆಲ್ಲ ಸಾಲು ನಿಂತಿತ್ತು. ಆಗ ಹೊಳೆದದ್ದು ಕೆಂಟನ್‌ನ ಸಸ್ಯಾಹಾರಿ ಹೋಟೆಲು. ಕುಂದಾಪುರ ಕಡೆಯ ಯಜಮಾನರು, ಒಲೆಯ ಮುಂದೆ ಸ್ವತಃ ನಿಲ್ಲುವವರು. ಆಳು ನಡೆದಾಡುವಷ್ಟು ದೊಡ್ಡ ಫ್ರೀಜರ್ ಅವರಲ್ಲಿತ್ತು. ಹೋಗಿ ವಿಷಯ ಹೇಳಿದೆ.

“ಚಿತ್ರ ಅಲ್ದಾ? ಸರಸ್ವತಿ ಅಲ್ದಾ ಅದು. ತಕಂಡ್ ಬನ್ನಿ,” ಎಂದರು. ತೆಂಗಿನತುರಿ, ಬಟಾಣಿಗಳ ಪಕ್ಕದ ಒಂದು ಗೋಡೆ ಪೂರ್ತಿ ಖಾಲಿ ಮಾಡಿಕೊಟ್ಟರು. ಹಾಳೆಗಳನ್ನು ತೆಳು ಕಟ್ಟುಗಳಾಗಿ ಮಾಡಿ, ಪಾಲಿಥೀನಿನಲ್ಲಿ ಸುತ್ತಿ, ಅಡ್ಡಡ್ಡ ಪೇರಿಸಿದೆ. ಅಂದು ಮನೆಗೆ ಬಂದು ಗೆದ್ದವಳ ಹಾಗೆ ಉಂಡೆ.

ಮುಂದಿನ ವಾರ ಮೊದಲ ಕಟ್ಟನ್ನು ಸ್ಟುಡಿಯೋಗೆ ಒಯ್ದೆ. ಎಂದಿನ ಕ್ರಮ: ಕರಗಿದ ಹಾಳೆಯ ಮೇಲೆ ತೆಳುವಾದ ಪಾರದರ್ಶಕ ಫಿಲ್ಮ್ ಹಾಸಿ ಅಂಚುಗಳನ್ನು ಸವರಿದರೆ ಒದ್ದೆ ಹಾಳೆ ಫಿಲ್ಮಿಗೆ ಕಚ್ಚಿಕೊಳ್ಳುತ್ತದೆ. ಫಿಲ್ಮನ್ನು ಮೇಲೆತ್ತಿದರೆ ಹಾಳೆಯೂ ಕೆಳಗಿನದರಿಂದ ಬಿಡಿಸಿಕೊಂಡು ಬರುತ್ತದೆ. ಆಮೇಲೆ ಅದನ್ನು ಎರಡು ಬ್ಲಾಟಿಂಗ್ ಪೇಪರುಗಳ ನಡುವೆ ಇಟ್ಟು, ಹಗುರವಾದ ಭಾರ ಹೇರಿ ಒಣಗಿಸುವುದು. ಹಲವಾರು ಸಲ ಮಾಡಿದ ಕೆಲಸ. ಮರುದಿನ ಬ್ಲಾಟಿಂಗ್ ಪೇಪರ್ ಎತ್ತಿದೆ. ಹಾಳೆಯ ಮೇಲಿರಬೇಕಾದ ಮೋಡ ಅದಕ್ಕೆ ಅಂಟಿ ಬಂದಿತ್ತು. ಎರಡನೆಯದರಲ್ಲಿ ಒಂದು ಸೇತುವೆ. ಮೂರನೆಯದನ್ನು ಎತ್ತದೆ ಬಿಟ್ಟೆ. ವರ್ಷಾನುಗಟ್ಟಲೆ ಹಿಂದೆ ಬರೆದ ಬಣ್ಣ ಹೀಗೆ ಎದ್ದು ಬರಬಾರದು. ಬೆರಳಿಟ್ಟು ನೋಡಿದೆ, ಅಂಟಂಟು.

ಅಷ್ಟರಲ್ಲಿ ಕಲಾವಿದರು ಮನೆಗೆ ಬಂದಿದ್ದರು. ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದರು. ಕೇಳೋಣವೆಂದು ಹೋದೆ. ಬಲಗೈ ಜೊತೆಗೆ ಮಾತೂ ಹೋಗಿತ್ತು. ಉಳಿದಿದ್ದದ್ದು ‘ನೋ’ ಎಂಬ ಒಂದೇ ಮಾತು. ಟೀ ಬೇಕೇ ಎಂದರೆ ನೋ, ಆಮೇಲೆ ಟೀ ಕುಡಿಯುವುದು. ಕಿಟಕಿ ಮುಚ್ಚಲೇ ಎಂದರೂ ನೋ, ತೆರೆಯಲೇ ಎಂದರೂ ನೋ. ನನ್ನ ಕೈಯಲ್ಲಿದ್ದ, ಮೋಡ ಕಿತ್ತುಹೋದ ಹಾಳೆಯನ್ನು ನೋಡಿ ಅವರು ಮುಖ ತಿರುಗಿಸಿ ನೋ ಎಂದಾಗ ಅದನ್ನು ಬೆನ್ನ ಹಿಂದೆ ಮರೆಮಾಡಿದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಎಲ್ಲಕ್ಕೂ ಹಾಗೆಯೇ ಹೇಳುತ್ತಾರೆ ಎಂದರು ಹೆಂಡತಿ.

ಉತ್ತರ ಸಿಕ್ಕಿದ್ದು ಆಕೆಯಿಂದಲೇ. ಪೂರ್ವದ ಗಾಳಿ ಬೀಸುವಾಗ ಬಣ್ಣ ಹರಡುವ ಮೊದಲೇ ಒಣಗುತ್ತದೆಂದು ಅವರು ಬಣ್ಣಕ್ಕೆ ಜೇನುತುಪ್ಪ ಬೆರೆಸುತ್ತಿದ್ದರಂತೆ, ಕೈಗೆ ಬಂದಷ್ಟು. ಕೊರೆಯುವ ಚಳಿಯಲ್ಲಿ ಕುಂಚದ ನೀರು ಹೆಪ್ಪುಗಟ್ಟದಿರಲೆಂದು ಅದಕ್ಕೆ ಜಿನ್ ಮದ್ಯ ಹಾಕುತ್ತಿದ್ದರಂತೆ. ಅರ್ಧ ನೀರಿಗೆ, ಅರ್ಧ ಅವರಿಗೆ ಎಂದು ಆಕೆ ನಕ್ಕರು. ಆ ಮನೆಯಲ್ಲಿ ನಾನು ನಗು ಕೇಳಿದ್ದು ಅದೊಂದೇ ಸಲ.

ನನಗೆ ನಗು ಬರಲಿಲ್ಲ. ಜೇನು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಂದರೆ ಈ ಚಿತ್ರಗಳು ಇಷ್ಟು ವರ್ಷ ಪೂರ್ತಿ ಒಣಗಿಯೇ ಇರಲಿಲ್ಲ. ಇವುಗಳ ಮುಖಕ್ಕೆ ಏನನ್ನೂ ತಾಗಿಸುವಂತಿಲ್ಲ, ಒತ್ತುವಂತಿಲ್ಲ. ಒಂದೊಂದನ್ನೂ ಅಂಗಾತ ಮಲಗಿಸಿ ಬರೀ ಗಾಳಿಗೆ ಒಣಗಿಸಬೇಕು. ನನ್ನ ಮೇಜು ಹಿಡಿಸುವುದು ನಾಲ್ಕನ್ನು. ಬೇಸಿಗೆಯವರೆಗೂ ಎಳೆಯುವ ಕೆಲಸ ಎಂದುಕೊಂಡೆ. ಫ್ರೀಜರ್ ಇದೆಯಲ್ಲ, ಅವಸರವೇನು?

ಆ ಫ್ರೀಜರಿನ ಆಸರೆ ತಪ್ಪಿದ್ದು ಒಂದು ಭಾನುವಾರ. ಮಧ್ಯಾಹ್ನದ ಊಟದ ನೂಕುನುಗ್ಗಲು ಮುಗಿದ ಮೇಲೆ ಯಜಮಾನರು ಫೋನ್ ಮಾಡಿ ಬರಹೇಳಿದರು. ಬಾಗಿಲು ಮತ್ತೆ ಮತ್ತೆ ತೆರೆದು ಮುಚ್ಚಿ, ಬಾಗಿಲ ಬಳಿಯ ಒಂದು ಕಟ್ಟು ಅರ್ಧ ಕರಗಿತ್ತು. ಅದನ್ನು ಅವರು ಬಾಳೆಲೆಯ ಮೇಲೆ ದೂರ ಇಟ್ಟಿದ್ದರು.

“ಡಾಕ್ಟ್ರಮ್ಮ, ಒಂದ್ ಮಾತ್ ಕೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ಈ ಕಾಗ್ದಕ್ಕೆ ಎಂತ ಹಾಕ್ತ್ರ್? ಒದ್ದೆ ಕುರಿ ವಾಸ್ನೆ ಬತ್ತಿತ್ತ್ ಕಾಣಿ.”

ಜಲವರ್ಣದ ಒಳ್ಳೆಯ ಕಾಗದವನ್ನು ಜೆಲಟಿನ್ನಿನಲ್ಲಿ ಅದ್ದಿ ತೆಗೆದಿರುತ್ತಾರೆ. ಇಲ್ಲದಿದ್ದರೆ ಬಣ್ಣ ಮೇಲೆ ನಿಲ್ಲದೆ ಒಳಗೆ ಇಂಗುತ್ತದೆ. ಜೆಲಟಿನ್ ಎಂದರೆ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ನೆನೆದರೆ ಅದರ ವಾಸನೆ ಏಳುತ್ತದೆ. ಕಸುಬಿನವರಾದ ನಮಗೆ ಅದು ಬಾಟಲಿಯ ಮೇಲಿನ ಒಂದು ಹೆಸರು. ಏಕಾದಶಿಗೆ ಈರುಳ್ಳಿ ಮುಟ್ಟದ ಅಡುಗೆಮನೆಗೆ ಅದನ್ನು ಒಯ್ಯುತ್ತಿದ್ದೇನೆಂದು ನನಗೆ ಹೊಳೆದೇ ಇರಲಿಲ್ಲ. ಹಳೆಯ ಕಾಗದ ಹಾಗೆಯೇ ನಾರುತ್ತದೆ ಎಂದು ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಂಬಿ ಜಾಗ ಕೊಟ್ಟ ಮನುಷ್ಯ ಎದುರಿಗೆ ನಿಂತು ಕೇಳುವಾಗ ಯಾವ ಬಾಯಿಂದ ಹೇಳಲಿ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಅಕ್ಕಿ ಮೂಟೆಯ ಮೇಲೆ ಕುಳಿತರು. ಬೈದಿದ್ದರೆ ನನಗೂ ಎದುರು ಮಾತಾಡಲು ಬರುತ್ತಿತ್ತು. ಅವರು ಬೈಯಲಿಲ್ಲ.

“ನಂಬ್ಕಂಡ್ ಬಪ್ಪು ಜನ,” ಎಂದರು, ಊಟಕ್ಕೆ ಬರುವವರನ್ನು ನೆನೆದು. “ಅವ್ರಿಗೆ ಎಂತ ಹೇಳ್ಲಿ ನಾನು?”

ಎದ್ದು ಫ್ರೀಜರಿನಲ್ಲಿದ್ದ ತುರಿ, ಬಟಾಣಿ, ಕರಿಬೇವು ಎಲ್ಲವನ್ನೂ ತಾವೇ ಹೊರಗೆ ತಂದು ಕಸದ ಚೀಲಗಳಿಗೆ ಸುರಿಯತೊಡಗಿದರು. ಸಹಾಯಕ್ಕೆ ಹೋದರೆ ಕೈಯಿಂದಲೇ ಬೇಡವೆಂದರು. ಎಲ್ಲ ಮುಗಿದ ಮೇಲೆ ಕೈ ತೊಳೆದು ಬಂದು, ಕಟ್ಟುಗಳು ಇವತ್ತೇ ಹೊರಗೆ ಹೋಗಬೇಕು ಎಂದರು. ನಾನು ತಲೆಯಾಡಿಸಿದೆ. ಭಾನುವಾರ ಆ ಫ್ರೀಜರ್ ಕಂಪನಿಗಳೂ ಮುಚ್ಚಿರುತ್ತವೆ; ಎಲ್ಲಿಗೆ ಹೋಗಬೇಕೆಂದು ನನಗೂ ತಿಳಿದಿರಲಿಲ್ಲ, ಅದು ಅವರಿಗೂ ಕಂಡಿರಬೇಕು.

“ನಾಳೆ ಸೋಮವಾರ, ಹೋಟ್ಲ್ ರಜೆ. ಹಿಂದಿನ ಪಾರ್ಟಿ ಹಾಲ್ ಖಾಲಿ ಇತ್ತ್. ಅಲ್ಲಿ ಹರಡ್ಕಣಿ. ಮಂಗಳವಾರ ಬೆಳಿಗ್ಗೆ ನಾನ್ ಪುಣ್ಯಾಹ ಮಾಡಿಸ್ತೆ.”

ಆ ಹೊತ್ತಿನಲ್ಲಿ ಅವರ ಕಾಲಿಗೆ ಬೀಳಬೇಕೆನಿಸಿತು. ಬಿದ್ದಿದ್ದರೆ ಅವರಿಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ನನ್ನ ಗಂಡ ಬಂದು ಕಟ್ಟುಗಳನ್ನು ಹೊರಲು ಕೈ ಹಾಕಿದರು. ಕರಗತೊಡಗಿದ ಮೇಲೆ ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ತಿಂಗಳುಗಟ್ಟಲೆ ಮಾಡಬೇಕೆಂದಿದ್ದ ಕೆಲಸ ಈಗ ಒಂದು ಹಗಲಿಗೆ ಬಂದು ನಿಂತಿತ್ತು.

ಸೋಮವಾರ ಬೆಳಕು ಹರಿಯುತ್ತಲೇ ಹಾಲಿಗೆ ಹೋದೆ. ಮದುವೆಯೂಟಕ್ಕೆ ಹಾಸುವ ಬಿಳಿ ಕಾಗದದ ಸುರುಳಿಯನ್ನು ಯಜಮಾನರು ಆಗಲೇ ಎಲ್ಲ ಮೇಜುಗಳ ಮೇಲೂ ಹಾಸಿದ್ದರು. ಜೊತೆಗೆ ನನ್ನ ಮೇಲಿನ ಕನಿಕರದಿಂದ ಎರಡು ಕೆಲಸ ಮಾಡಿದ್ದರು. ಬೇಗ ಒಣಗಲೆಂದು ಹೀಟರ್ ಪೂರ್ತಿ ಹಾಕಿದ್ದರು. ವಾಸನೆ ಹೋಗಲೆಂದು ನಾಲ್ಕು ಮೂಲೆಗೂ ಸಾಂಬ್ರಾಣಿ ಹೊಗೆ ಇಟ್ಟಿದ್ದರು. ಒದ್ದೆ ಕಾಗದಕ್ಕೆ ಹೊಗೆಯ ಮಸಿ ಕೂತರೆ ಬ್ರಹ್ಮ ಬಂದರೂ ತೆಗೆಯಲಾರ. ಧೂಪ ಹೊರಗೆ ಒಯ್ಯಿರಿ ಎಂದು ಹೇಳುವಾಗ, ಹಿಂದಿನ ದಿನದ ಮೇಲೆ ಇದೂ ಒಂದು ಎಂದು ನಾಚಿಕೆಯಾಯಿತು. ಅವರು ಎತ್ತಿಕೊಂಡು ಹೋದರು. ಹೀಟರ್ ಆರಿಸಿ, ಕಿಟಕಿಗಳನ್ನು ಬೆರಳಗಲ ತೆರೆದು, ಹೊಗೆಯೆಲ್ಲ ಹೋಗುವವರೆಗೆ ಇಬ್ಬರೂ ಚಳಿಯಲ್ಲಿ ಕೋಟು ಹಾಕಿಕೊಂಡು ಕೂತೆವು.

ಆಮೇಲೆ ಶುರು. ನಾನು ಕಟ್ಟನ್ನು ಬೋರಲು ಹಾಕಿ, ಬಣ್ಣಕ್ಕೆ ತಾಗದಂತೆ ಬೆನ್ನ ಕಡೆಗೆ ಫಿಲ್ಮ್ ಹಾಸಿ ಹಾಳೆ ಬಿಡಿಸುವುದು, ಅವರು ಹಲಗೆ ಹಿಡಿದು ಅದನ್ನು ಅಂಗಾತ ಇಳಿಸಿಕೊಂಡು ಮೇಜಿಗೆ ಒಯ್ಯುವುದು. ದೋಸೆ ಮಗುಚುವ ಕೈ, ಒಂದು ಹಾಳೆಯನ್ನೂ ಅಲುಗಿಸಲಿಲ್ಲ. ಕೆಲವು ಅಚ್ಚುಕಟ್ಟಾಗಿ ಬಂದವು: ಕಾಲುವೆಯ ಮೇಲಿನ ತೆಳು ಮಂಜು, ಹಳಿಗಳ ನಡುವಿನ ಹುಲ್ಲು, ಒಂದು ಗೆರೆಯೂ ಕದಲಿರಲಿಲ್ಲ. ಕೆಲವುಗಳಲ್ಲಿ ಆಕಾಶ ನೆಲಕ್ಕೆ ಇಳಿದಿತ್ತು. ಬೆನ್ನಿಗೆ ಬೆನ್ನಾಗಿ ಅಂಟದೆ ಮುಖಕ್ಕೆ ಮುಖವಾಗಿ ಅಂಟಿದ ಜೋಡಿಗಳದ್ದೇ ಕಷ್ಟ. ಬಿಡಿಸಿದರೆ ಎರಡರ ಬಣ್ಣವೂ ಒಂದರ ಪಾಲಾಗುತ್ತಿತ್ತು. ಅಂಥ ಕಡೆ ಯಾವುದು ಉಳಿಯಬೇಕೆಂದು ಕೇಳಲು ಕಲಾವಿದರ ಹೆಂಡತಿಗೆ ಬರಹೇಳಿದ್ದೆ. ಅಂಚುಗಳು ನಡುವಿಗಿಂತ ಬೇಗ ಒಣಗಿ ಮುದುರದಂತೆ, ಸೊಂಟದಲ್ಲಿ ಸಿಕ್ಕಿಸಿಕೊಂಡ ಸ್ಪ್ರೇ ಬಾಟಲಿಯಿಂದ ಆಗಾಗ ತುಂತುರು ಹಾಕುತ್ತಿದ್ದೆ.

ಆಕೆ ಮಧ್ಯಾಹ್ನ ಬಂದರು. ಗಂಡನನ್ನು ಒಬ್ಬರನ್ನೇ ಬಿಡುವಂತಿಲ್ಲವೆಂದು ಗಾಲಿಕುರ್ಚಿಯಲ್ಲಿ ಅವರನ್ನೂ ಕರೆತಂದಿದ್ದರು. ಕುರ್ಚಿಯನ್ನು ಕೊನೆಯ ಮೇಜಿನ ಪಕ್ಕ ನಿಲ್ಲಿಸಿ, ಆಕೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ನಡೆದರು. ಒಂದೊಂದರ ಮುಂದೆಯೂ ನಿಂತು ಅದು ಯಾವ ಸೇತುವೆಯ ಕೆಳಗಿನದು, ಅಂದು ಗಾಳಿ ಎತ್ತಲಿಂದ ಬೀಸುತ್ತಿತ್ತು ಎಂದು ಹೇಳುತ್ತ ಹೋದರು. ಯಜಮಾನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಪಕ್ಕದಲ್ಲೇ ನಡೆದು ಎಲ್ಲಕ್ಕೂ ಹೂಂಗುಟ್ಟಿದರು. ಜೋಡಿ ಹಾಳೆಗಳಲ್ಲಿ ಒಂದನ್ನು ಆರಿಸಿ ಎಂದಾಗ ಆಕೆ ಸದ್ದಿಲ್ಲದೆ ಅತ್ತರು. ಆರಿಸಿದರು.

ಕೊನೆಯ ಮೇಜಿನ ಮೇಲೆ ಹಾಗೆ ಆರಿಸದೆ ಬಿಟ್ಟ ಒಂದು ಹಾಳೆಯಿತ್ತು. ಮೇಲ್ಭಾಗದಲ್ಲಿ ಕಲಸಿದ ನೀಲಿ, ಕೆಳಗೆ ಯಾವುದೋ ದಡದ ಗುರುತು, ಇನ್ನೂ ಒದ್ದೆ. ತಿರುಗಿ ನೋಡುವಷ್ಟರಲ್ಲಿ ಕಲಾವಿದರ ಎಡಗೈ ಅದರ ಮೇಲಿತ್ತು. ಹೆಬ್ಬೆರಳಿನಿಂದ ನೀಲಿಯನ್ನು ಕೆಳಕ್ಕೆ ಎಳೆಯುತ್ತಿದ್ದರು.

ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ. ಕಲಿತ ವಿದ್ಯೆ ಯೋಚನೆಗಿಂತ ಮುಂದೆ ಓಡುತ್ತದೆ. ಆ ಕೈಯಲ್ಲಿ ನಾನೆಣಿಸಿದ್ದಕ್ಕಿಂತ ಕಸುವಿತ್ತು. ಅವರು ನನ್ನತ್ತ ನೋಡಲೇ ಇಲ್ಲ. ಹಾಳೆಯ ಅಂಚನ್ನು ನೋಡುತ್ತಿದ್ದರು, ಅಲ್ಲಿ ಬಣ್ಣದ ಹೊಳಪು ಕುಗ್ಗುತ್ತಿತ್ತು. ಎಡಗೈ ನಿಧಾನ, ಅದು ಆ ತುದಿ ಮುಟ್ಟುವ ಮೊದಲೇ ಹಾಳೆ ಒಣಗಿಹೋಗುತ್ತದೆ. ಅವರ ಮುಖದಲ್ಲಿದ್ದದ್ದು ದುಃಖವಲ್ಲ. ಒಲೆಯ ಮೇಲಿನ ಪಾಕ ಹದ ತಪ್ಪುತ್ತಿರುವಾಗ ಇರುತ್ತದಲ್ಲ, ಆ ಆತುರ.

“ಅವರ ಕೈ ಬಿಡಬೇಡಿ, ದಯವಿಟ್ಟು. ಹಾಳುಮಾಡುತ್ತಿದ್ದಾರೆ,” ಎಂದರು ಹೆಂಡತಿ ಆ ಕಡೆಯಿಂದ.

ಕೈ ಬಿಟ್ಟೆ. ಬೆಳಗಿನಿಂದ ನೀರಿನ ಜೊತೆ ಹೋರಾಡಿದವಳು ಸೊಂಟದ ಬಾಟಲಿ ತೆಗೆದು, ಆ ಹಾಳೆಯ ಮೇಲೆ, ಅಂಚಿನಿಂದ ಅಂಚಿಗೆ, ನೀರು ಚಿಮುಕಿಸಿದೆ. ನೀಲಿ ಮತ್ತೆ ಸಡಿಲಿತು. ಅವರು ಬೆರಳೂರಿ ಅದನ್ನು ಬಲಕ್ಕೆ ಒಯ್ದರು.

“ನಿಮಗೆ ಈ ಹಕ್ಕು ಯಾರು ಕೊಟ್ಟರು?” ಆಕೆ ನನ್ನ ಪಕ್ಕಕ್ಕೆ ಬಂದು ನಿಂತಿದ್ದರು. ದನಿ ಏರಿರಲಿಲ್ಲ, ನಡುಗುತ್ತಿತ್ತು.

“ಅದು ಅವರ ಹಾಳೆ,” ಎಂದೆ.

“ನನ್ನದೂ ಹೌದು.”

ಅದು ನಿಜ. ಯಜಮಾನರೂ ಸೇರಿ ಮೂವರೂ ನಿಂತು ನೋಡಿದೆವು. ಚೆನ್ನಾಗಿ ಬಂತು ಎಂದು ನಾನು ಹೇಳಲಾರೆ. ಮಗು ಕೆಸರಿನಲ್ಲಿ ಕೈಯಾಡಿಸಿದ ಹಾಗಿತ್ತು. ನೀರೆಂದೂ ಆಕಾಶವೆಂದೂ ಬೇರೆ ಮಾಡಿ ಹೇಳುವಂತಿರಲಿಲ್ಲ. ಆದರೆ ಅವರು ತಲೆ ಹಿಂದಕ್ಕೆ ಎಳೆದು, ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ಬಾಗುವುದು, ಉಗುರಿನಿಂದ ಒಂದು ಬಿಳಿ ಗೆರೆ ಕೆರೆಯುವುದು, ಅದು ಮಾತ್ರ ಕೆಲಸ ಬಲ್ಲವರ ರೀತಿಯೇ. ಆಸ್ಪತ್ರೆ ಸೇರಿದ ಮೇಲೆ ಅವರು ಇಷ್ಟು ಹೊತ್ತು ನೆಟ್ಟಗೆ ಕುಳಿತದ್ದೇ ಇಲ್ಲ ಎಂದು ಆಕೆ ಯಾರಿಗೆಂದಲ್ಲದೆ ಹೇಳಿದರು.

ಸಾಕಾಯಿತೇನೋ, ಅವರು ಆ ಹಾಳೆಯನ್ನು ಪಕ್ಕಕ್ಕೆ ತಳ್ಳಿದರು. ಕೈ ಚಾಚಿ ಪಕ್ಕದ ಮೇಜಿನಿಂದ ಇನ್ನೊಂದರ ಅಂಚು ಹಿಡಿದು ಎಳೆದುಕೊಂಡರು. ಅದು ಹಾಳಾದ ಹಾಳೆಯಲ್ಲ. ಹೆಪ್ಪುಗಟ್ಟಿದ ಕಾಲುವೆ, ಸಂಜೆಯ ಬೆಳಕು, ದೂರದಲ್ಲಿ ಗ್ಯಾಸ್ ಟ್ಯಾಂಕು. ಅಂದಿನ ಅತ್ಯುತ್ತಮವಾದ ಒಂದು, ಜೇನು ಬೆರೆಸದ ದಿನದ್ದೇನೋ, ಪೂರ್ತಿ ಒಣಗಿ, ಕಟ್ಟಿ ಕಳಿಸಲು ಸಿದ್ಧವಾಗಿದ್ದದ್ದು. ಅವರು ಹೆಬ್ಬೆರಳಿನಿಂದ ಉಜ್ಜಿದರು. ಒಣ ಬಣ್ಣ ಮಿಸುಕಲಿಲ್ಲ. ಮತ್ತೆ ಉಜ್ಜಿದರು.

ನಾನು ಬಾಟಲಿಯನ್ನು ಎದೆಗೆ ಒತ್ತಿಕೊಂಡು ನಿಂತೆ. ಹೋದದ್ದರ ಮೇಲೆ ನೀರು ಹಾಕುವುದು ಬೇರೆ, ಉಳಿದದ್ದರ ಮೇಲೆ ಹಾಕುವುದು ಬೇರೆ. ಅದು ನನ್ನಿಂದ ಆಗದ ಕೆಲಸ. ಆಕೆಯ ಮುಖ ನೋಡಿದೆ.

ಆಕೆ ಚಿತ್ರವನ್ನು ಅಂಚಿನಿಂದ ಅಂಚಿಗೆ ಒಮ್ಮೆ ನೋಡಿದರು. ಆಮೇಲೆ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡರು. ಎಲ್ಲಾದರೂ ದೂರ ಇಡುತ್ತಾರೆ ಎಂದುಕೊಂಡೆ. ಅವರು ಹಾಳೆಗೆ ನೀರು ಚಿಮುಕಿಸಿ, ಗಂಡನ ಎಡಗೈಗೆ ಸರಿಯಾಗಿ ಎಟುಕುವಂತೆ ಅದನ್ನು ತಿರುಗಿಸಿ ಇಟ್ಟರು.